ಗರಗಸದ ಬ್ರೇಕ್ ಕಿತ್ತು 'ಪವರ್' ಮಾಡಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮೂಡಿಗೆರೆ ಕಡೆಯವನು. ಕಳೆ ಹೊಡೆಯುವ ಮಿಷನ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಚೈನ್ ಗರಗಸ, ಹೀಗೆ ತೋಟದ ಸಣ್ಣ ಎಂಜಿನ್‌ಗಳನ್ನು ರಿಪೇರಿ ಮಾಡಿ ಬದುಕುತ್ತಿದ್ದೇನೆ. ಪತ್ರಿಕೆಗೆ ಇದುವರೆಗೆ ಬರೆದವನಲ್ಲ. ಹೋದ ತಿಂಗಳು ಅಂಗಡಿಗೆ ಬಂದ ಒಂದು ಗರಗಸ ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಗೋಣಿಚೀಲದಲ್ಲಿ ಸುತ್ತಿ ಒಬ್ಬ ಹುಡುಗ ತಂದ. ಇಪ್ಪತ್ತೈದು ವಯಸ್ಸಿರಬಹುದು. ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು. "ಅಣ್ಣಾ, ಪವರ್ ಮಾಡಿಸಿದ್ದು, ಮೂರು ವಾರಕ್ಕೇ ಸೀಜ್ ಆಯ್ತು, ಸ್ವಲ್ಪ ನೋಡಿ" ಅಂದ. ಪವರ್ ಮಾಡಿಸುವುದು ಅಂದರೆ ಶಕ್ತಿ ಜಾಸ್ತಿ ಬರಲಿ ಅಂತ ಮಿಷನ್ನನ್ನು ಬದಲಾಯಿಸುವುದು, ಸೀಜ್ ಅಂದರೆ ಎಂಜಿನ್ ಒಳಗೆ ಹಿಡಿದು ನಿಂತುಹೋಗುವುದು. ಕೈಗೇನಾಯ್ತಪ್ಪಾ ಅಂತ ಕೇಳಿದೆ. "ಅದೂ ಇದೇ ಮಿಷನ್ನೇ" ಅಂದ. ಹನ್ನೊಂದು ಹೊಲಿಗೆಯಂತೆ. ಸ್ವಲ್ಪ ಮೇಲೆ ಬಂದಿದ್ದರೆ ಕುತ್ತಿಗೆ.

ಚೀಲ ಬಿಚ್ಚಿ ಬೆಂಚಿನ ಮೇಲಿಟ್ಟೆ. 50 ಸಿಸಿ ಮಿಷನ್ನು, ಒಳ್ಳೆಯ ಮಾಲೇ. ಆದರೆ ಅದರಲ್ಲಿ ಒಂದು ಕಡೆಯೂ ಫ್ಯಾಕ್ಟರಿಯಿಂದ ಬಂದ ಹಾಗೆ ಉಳಿದಿರಲಿಲ್ಲ. ಮುಂದಿನ ಹಿಡಿಕೆಯ ಎದುರಿಗೆ ಕೈಗೆ ಅಡ್ಡವಾಗಿ ಒಂದು ಗಾರ್ಡ್ ಇರುತ್ತದಲ್ಲ, ಅದನ್ನು ಬುಡದಿಂದಲೇ ತೆಗೆದಿದ್ದರು, ಹ್ಯಾಕ್ಸಾ ಬ್ಲೇಡಿನ ಗುರುತು ಹಾಗೇ ಇತ್ತು. ಪಕ್ಕದ ಕವರ್ ಬಿಚ್ಚಿದರೆ ಬ್ರೇಕಿನ ಪಟ್ಟಿಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಸೈಲೆನ್ಸರ್‌ಗೆ ಡ್ರಿಲ್ಲಿನಲ್ಲಿ ಮೂರು ತೂತು ಹೊಡೆದಿದ್ದರು. ಕಿಡಿ ತಡೆಯುವ ಜಾಲರಿ ಕಿತ್ತಿದ್ದರು. 18 ಇಂಚಿನ ಬಾರ್ (ಚೈನು ಸುತ್ತ ಓಡುವ ಉದ್ದ ಪಟ್ಟಿ) ಇರಬೇಕಾದ ಕಡೆ 24 ಇಂಚಿನದು ಕೂತಿತ್ತು. ಅದುರು ತಡೆಯುವ ರಬ್ಬರ್ ಬುಷ್ ಹರಿದಿದ್ದಕ್ಕೆ ಅದರ ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿದಿದ್ದರು. ಇಂಥ ಮಿಷನ್ನನ್ನು ದಿನಕ್ಕೆ ಆರು ಗಂಟೆ ಹಿಡಿದರೆ ರಾತ್ರಿ ಊಟಕ್ಕೆ ಕೂತಾಗ ಬೆರಳಿಗೆ ಅನ್ನ ಹತ್ತುವುದಿಲ್ಲ, ಜುಮ್ಮು ಹಿಡಿದಿರುತ್ತದೆ. ಇದು ಉತ್ಪ್ರೇಕ್ಷೆ ಅಲ್ಲ, ಮರದ ಕೆಲಸದವರನ್ನು ಕೇಳಿ ನೋಡಿ.

ಮಿಷನ್ ಆ ಹುಡುಗನದಲ್ಲ. ಮರದ ಕಂಟ್ರಾಕ್ಟ್ ಹಿಡಿದವರದು. ಪವರ್ ಮಾಡಿಸಿದ್ದು ಅವರು, ಹಿಡಿದು ಕೊಯ್ದದ್ದು ಇವನು.

ನಮ್ಮ ಕಡೆ ಈ ಗರಗಸ ಇಲ್ಲದೆ ಈಗ ಕೆಲಸ ಸಾಗುವುದಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕಾಫಿ ಕುಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವುದು, ಆಗಬೇಕು. ಮೊದಲು ಕತ್ತಿ ಕಟ್ಟಿಕೊಂಡು ಮರ ಹತ್ತುವವರು ಊರಿಗೆ ಹತ್ತು ಜನ ಸಿಗುತ್ತಿದ್ದರು, ಈಗ ಒಬ್ಬರು ಸಿಕ್ಕರೆ ಪುಣ್ಯ. ಆಗಸ್ಟ್‌ನಲ್ಲಿ ಗಾಳಿ ಬೀಸಿದರೆ ಸಿಲ್ವರ್ ಓಕ್ ಕಾಫಿ ಗಿಡದ ಮೇಲೆ, ಕರೆಂಟ್ ಲೈನ್ ಮೇಲೆ, ರಸ್ತೆ ಮೇಲೆ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ನಮ್ಮ ಕಡೆಯೂ ಹಾಗೇ ಆದಾಗ, ದಾರಿ ಬಿಡಿಸಲು ಮೊದಲು ಬಂದವರಲ್ಲಿ ಹೆಗಲ ಮೇಲೆ ಗರಗಸ ಹೊತ್ತ ಊರ ಹುಡುಗರೂ ಇದ್ದರು. ಆದ್ದರಿಂದ ಮಿಷನ್ ಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಮಿಷನ್ ನನಗೆ ಅನ್ನ ಹಾಕಿದೆ. ಅದನ್ನು ಕೆಡಿಸಿ ಆಳಿನ ಕೈಗೆ ಕೊಡಬೇಡಿ, ಇಷ್ಟೇ ನಾನು ಹೇಳಬೇಕಾಗಿರುವುದು.

ಈ ಪವರ್ ಮಾಡಿಸುವ ಚಟ ಎಲ್ಲಿಂದ ಬಂತು? ನಾಲ್ಕೈದು ವರ್ಷದಿಂದ ಇದು ಜಾಸ್ತಿ ಆಗಿದೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡುತ್ತಾರೆ. ಹೊರದೇಶದಲ್ಲಿ ಪಂದ್ಯಕ್ಕೆ ಅಂತ ಗರಗಸ ತಯಾರು ಮಾಡುವವರು ಇದ್ದಾರೆ, ಅವರು ಒಂದು ದಿಮ್ಮಿಯನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೊಯ್ಯುತ್ತಾರೆ. ಅದನ್ನು ನೋಡಿ ಇಲ್ಲಿ ಬೈಕಿನ ಸೈಲೆನ್ಸರ್ ಮಾಡುವವರ ಹತ್ತಿರ ಹೋಗಿ ತೂತು ಹೊಡೆಸುತ್ತಾರೆ. ಶಬ್ದ ಜೋರಾಗುತ್ತದೆ. ಶಬ್ದ ಜೋರಾದರೆ ಶಕ್ತಿ ಬಂತು ಅಂತ ನಂಬಿಕೆ.

ನಿಜ ಏನೆಂದರೆ, ಇದು ಟೂ ಸ್ಟ್ರೋಕ್ ಎಂಜಿನ್. ಬೈಕಿನ ಹಾಗೆ ಕೆಳಗೆ ಬೇರೆ ಆಯಿಲ್ ನಿಲ್ಲುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಗಿನ ಪಿಸ್ಟನ್ನಿಗೆ, ಬೇರಿಂಗಿಗೆ ಎಲ್ಲಕ್ಕೂ ಎಣ್ಣೆ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಎಂಎಲ್. ಸೈಲೆನ್ಸರ್ ಬಾಯಿ ದೊಡ್ಡದಾದರೆ ಎಂಜಿನ್ ಉಸಿರಾಡುವುದು ಜಾಸ್ತಿ, ಗಾಳಿ ಜಾಸ್ತಿ ಎಳೆಯುತ್ತದೆ. ಅದಕ್ಕೆ ತಕ್ಕ ಹಾಗೆ ಕಾರ್ಬೊರೇಟರಿನ ಹೈ ಸ್ಕ್ರೂ ಬಿಚ್ಚಿ ಪೆಟ್ರೋಲ್ ಜಾಸ್ತಿ ಬಿಡಬೇಕು. ಬಿಡದಿದ್ದರೆ ಪೆಟ್ರೋಲ್ ಸಾಲುವುದಿಲ್ಲ, ಪೆಟ್ರೋಲ್ ಸಾಲದಿದ್ದರೆ ಆಯಿಲ್ಲೂ ಸಾಲುವುದಿಲ್ಲ, ಸುಡುತ್ತದೆ. ಇಲ್ಲಿ ಆಗುವುದು ಇನ್ನೂ ಕೆಟ್ಟದ್ದು. ಆ ಸ್ಕ್ರೂ ಜಾಸ್ತಿ ತಿರುಗದಂತೆ ಒಂದು ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ, ಅದನ್ನು ಮುರಿದು ಸ್ಕ್ರೂವನ್ನು ಉಲ್ಟಾ ಬಿಗಿಯುತ್ತಾರೆ. ಬಿಗಿದರೆ ಎಂಜಿನ್ ಸಿಳ್ಳೆ ಹೊಡೆದ ಹಾಗೆ ಚೂಪಾಗಿ ಕೂಗುತ್ತದೆ. ಅದು ಕೇಳಲು ಭಾರಿ ಚೆನ್ನಾಗಿರುತ್ತದೆ, ಆದರೆ ಅದು ಬಾಯಾರಿದ ಎಂಜಿನ್ನಿನ ಕೂಗು. ಸರಿಯಾಗಿ ಟ್ಯೂನ್ ಆದ ಗರಗಸ ಮರಕ್ಕೆ ತಾಗಿಸದೆ ಫುಲ್ ರೇಸ್ ಕೊಟ್ಟಾಗ ಸ್ವಲ್ಪ ಬುಡುಬುಡು ಅನ್ನಬೇಕು. ಮರಕ್ಕೆ ಇಟ್ಟ ತಕ್ಷಣ ಆ ಬುಡುಬುಡು ಹೋಗಿ ಶಬ್ದ ಶುದ್ಧವಾಗಬೇಕು. ನಾನು ಕೆಲಸ ಕಲಿತ ಮೇಸ್ತ್ರಿ ಮೀಟರ್ ಇಲ್ಲದೆ ಇದನ್ನು ಕಿವಿಯಲ್ಲೇ ಹಿಡಿಯುತ್ತಿದ್ದರು. ನನ್ನ ಹತ್ತಿರ ಆರ್‌ಪಿಎಂ ಮೀಟರ್ ಇದೆ, ಆದರೂ ಮೊದಲು ಕಿವಿಯಲ್ಲಿ ಕೇಳಿ ಆಮೇಲೆ ಮೀಟರ್ ನೋಡುತ್ತೇನೆ.

ಜಾಲರಿ ಕಿತ್ತದ್ದರ ಬಗ್ಗೆ ಒಂದು ಮಾತು. ಮಾರ್ಚ್ ತಿಂಗಳಲ್ಲಿ ತೋಟದ ಅಂಚು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಒಣಗಿದ ಲಂಟಾನ, ಮೊಣಕಾಲುದ್ದ ಹುಲ್ಲು, ತರಗೆಲೆ. ಅಲ್ಲಿ ಕುಳಿತು ಜಾಲರಿ ಇಲ್ಲದ ಮಿಷನ್ನಿಗೆ ರೇಸ್ ಕೊಟ್ಟರೆ ಒಂದು ಕಿಡಿ ಸಾಕು. ಆಮೇಲೆ ಕಾಡಿಗೆ ಬೆಂಕಿ ಯಾರು ಹಾಕಿದರು ಅಂತ ಹುಡುಕುತ್ತಾ ಕೂರುತ್ತೇವೆ.

ಆ ಮಿಷನ್ ಪೂರ್ತಿ ಬಿಚ್ಚಿದೆ. ಸೈಲೆನ್ಸರ್ ತೆಗೆದು ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ಕಾಣುತ್ತದೆ. ಉದ್ದುದ್ದ ಗೀರು ಬಿದ್ದಿತ್ತು, ಬೆಕ್ಕು ಪರಚಿದ ಹಾಗೆ. ಸೈಲೆನ್ಸರ್ ಕಡೆಗೆ ಗೀರು ಬಿದ್ದರೆ ಎಣ್ಣೆ ಸಾಲದೆ ಸುಟ್ಟಿದ್ದು. ಕಾರ್ಬೊರೇಟರ್ ಕಡೆಗೆ ಮೈ ಮಾಸಿ ಸವೆದಿದ್ದರೆ ಏರ್ ಫಿಲ್ಟರ್ ನೋಡಿಕೊಳ್ಳದೆ ದೂಳು ಹೋಗಿದ್ದು. ಪಿಸ್ಟನ್ ಸುಳ್ಳು ಹೇಳುವುದಿಲ್ಲ. ಇದರಲ್ಲಿ ಎರಡೂ ಇತ್ತು. ಜಾಸ್ತಿ ಗಾಳಿ ಬರಲಿ ಅಂತ ಫಿಲ್ಟರ್‌ಗೂ ಸೂಜಿಯಲ್ಲಿ ಚುಚ್ಚಿದ್ದರು!

ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹೊರಗೆ ತೆಗೆದರೆ ಅದರ ಕೆಳಗೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್, ಇಲ್ಲ, ಅದರ ಬದಲು ಸಿಲಿಕಾನ್ ಪೇಸ್ಟ್ ಮೆತ್ತಿತ್ತು. ಗ್ಯಾಸ್ಕೆಟ್ ತೆಗೆದರೆ ಬೋರ್ ಸ್ವಲ್ಪ ಕೆಳಗೆ ಕೂತು ಕಂಪ್ರೆಷನ್ ಏರುತ್ತದೆ, ನಿಜ. ಆದರೆ ಪಿಸ್ಟನ್ ತಲೆಗೂ ಬೋರಿನ ಮೇಲ್ಭಾಗಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆಯಬೇಕು. ಅಳೆಯುವುದು ಕಷ್ಟ ಏನಲ್ಲ. ರೇಡಿಯೊ ರಿಪೇರಿಯವರು ಬಳಸುವ ಸೀಸದ ತಂತಿಯನ್ನು ಪ್ಲಗ್ ತೂತಿನಿಂದ ಬಿಟ್ಟು, ಅದರ ತುದಿ ಬೋರಿನ ಗೋಡೆಗೆ ತಾಗುವ ಹಾಗೆ ಹಿಡಿದು, ಪಿಸ್ಟನ್ನನ್ನು ಒಂದು ಸಲ ಮೇಲೆ ತಿರುಗಿಸಿದರೆ ತಂತಿ ಒತ್ತಿಕೊಳ್ಳುತ್ತದೆ. ಒತ್ತಿದ ತುದಿಯನ್ನು ಕ್ಯಾಲಿಪರ್‌ನಲ್ಲಿ ನೋಡಿದರೆ ಆಯಿತು. ಅರ್ಧ ಮಿಲಿಮೀಟರ್ ಆದರೂ ಇರಬೇಕು. ಇದರಲ್ಲಿ 0.2 ಮಿಲಿಮೀಟರ್. ಬಿಸಿಯಾಗಿ ಸ್ವಲ್ಪ ಹಿಗ್ಗಿದರೆ ಪಿಸ್ಟನ್ ತಲೆ ಮೇಲೆ ಬಡಿಯುತ್ತದೆ. ಬಡಿದ ಗುರುತೂ ಇತ್ತು.

ಕಿಂಡಿಗಳನ್ನು ಅಗಲ ಮಾಡಿದ್ದನ್ನು ನೋಡಿ ನಿಜವಾಗಿ ಬೇಜಾರಾಯಿತು. ಬೋರಿನ ಒಳಗೆ ಗಾಳಿ ಬಂದು ಹೋಗುವ ಕಿಂಡಿಗಳಿಗೆ ಸಣ್ಣ ಗ್ರೈಂಡರ್ ಹಿಡಿದು ಹೆರೆದಿದ್ದರು. ಬೋರ್ ಅಲ್ಯುಮಿನಿಯಂ. ಅದರ ಒಳಮೈಗೆ ನಿಕ್ಕಲ್ಲಿನ ಒಂದು ಗಟ್ಟಿ ಲೇಪ ಇರುತ್ತದೆ, ಕೂದಲೆಳೆಯಷ್ಟು ದಪ್ಪ. ಆ ಲೇಪವೇ ಎಂಜಿನ್ನಿನ ಆಯಸ್ಸು. ಹೆರೆದಾಗ ಅಂಚಿನಲ್ಲಿ ಅದು ಎದ್ದು ಬಂದಿತ್ತು. ಅಂಚನ್ನು ನಯ ಮಾಡಿರಲಿಲ್ಲ, ಕಿಂಡಿಯೂ ಅತಿ ಅಗಲ ಆಗಿತ್ತು. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಪ್ರತಿ ಸಲ ಅದರ ಸುತ್ತ ಇರುವ ರಿಂಗ್ ಆ ಅಗಲದಲ್ಲಿ ಸ್ವಲ್ಪ ಹೊರಗೆ ಉಬ್ಬಿ ಅಂಚಿಗೆ ಸಿಕ್ಕುತ್ತದೆ. ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತು. ರಿಂಗ್ ಮುರಿಯದೆ ಇನ್ನೇನಾಗುತ್ತದೆ?

ಸುಮ್ನೆ ಎಸೆಯಲು ಮನಸ್ಸು ಬರಲಿಲ್ಲ. ಒಂದು ಪ್ರಯತ್ನ ಮಾಡಿದೆ. ಸೀಜ್ ಆದ ಬೋರೆಲ್ಲ ಹಾಳಾಗಿರುವುದಿಲ್ಲ. ಎಷ್ಟೋ ಸಲ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಬೋರಿನ ಮೇಲೆ ಮೆತ್ತಿಕೊಂಡಿರುತ್ತದೆ, ಅಷ್ಟೇ. ಬಚ್ಚಲು ತೊಳೆಯುವ ಆಸಿಡ್ಡನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದ್ದಿ ಆ ಕಲೆಯ ಮೇಲೆ ಮಾತ್ರ ಹಚ್ಚಬೇಕು. ಹೊರಗೆ, ಗಾಳಿ ಆಡುವ ಕಡೆ, ಗ್ಲೌಸು ಕನ್ನಡಕ ಹಾಕಿಕೊಂಡು. ಅಲ್ಯುಮಿನಿಯಂ ಇದ್ದಷ್ಟು ಹೊತ್ತು ಬುಸುಬುಸು ನೊರೆ ಬರುತ್ತದೆ. ಒರೆಸಿ ಮತ್ತೆ ಹಚ್ಚಬೇಕು. ನೊರೆ ನಿಂತಿತು ಅಂದರೆ ಕೆಳಗೆ ಲೇಪ ಸಿಕ್ಕಿತು. ಆಮೇಲೆ ಸೋಡಾಪುಡಿ ಹಾಕಿದ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ ಬೆಳಕಿಗೆ ಹಿಡಿದರೆ ಹೊಸದಾಗಿದ್ದಾಗ ಹಾಕಿದ ಅಡ್ಡಡ್ಡ ಗೆರೆಗಳು ಒಂದೊಂದಾಗಿ ಕಾಣುತ್ತವೆ. ಅದನ್ನು ನೋಡುವ ಖುಷಿ ಈ ಕೆಲಸ ಮಾಡಿದವರಿಗೇ ಗೊತ್ತು. ಈ ವರ್ಷ ಇಂಥ ಆರು ಬೋರ್ ಉಳಿಸಿದ್ದೇನೆ. ಆದರೆ ಹುಡುಗ ತಂದ ಬೋರಿನಲ್ಲಿ ಕಿಂಡಿಯ ಅಂಚಿನಲ್ಲಿ ನೊರೆ ನಿಲ್ಲಲೇ ಇಲ್ಲ. ಲೇಪ ಹೋಗಿ ಒಳಗಿನ ಅಲ್ಯುಮಿನಿಯಂ ಬಯಲಾಗಿತ್ತು. ಬೋರೂ ಹೋಯಿತು, ಪಿಸ್ಟನ್ನೂ ಹೋಯಿತು, ಹೊಸದೇ ಹಾಕಬೇಕಾಯಿತು.

ಹೊಸ ಬೋರ್ ಹಾಕಿ ಕೊಟ್ಟುಬಿಟ್ಟರೆ ರಿಪೇರಿ ಆಗಲಿಲ್ಲ. ಯಾಕೆ ಸುಟ್ಟಿತು ಅಂತ ಹುಡುಕದಿದ್ದರೆ ಹೊಸ ಬೋರೂ ವಾರಕ್ಕೆ ಹೋಗುತ್ತದೆ. ನನ್ನಂಥ ರಿಪೇರಿಯವರಿಗೆ ನಾನು ಕೈಮುಗಿದು ಹೇಳುವುದು ಇದೇ. ಸೈಲೆನ್ಸರ್ ಕಡೆಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿಯಿರಿ, ಕಾರ್ಬೊರೇಟರ್ ಕಡೆಯನ್ನೂ ಮುಚ್ಚಿ. ಬಿಪಿ ನೋಡುವ ಸಾಧನದ ರಬ್ಬರ್ ಬಲ್ಬಿಗೆ ಒಂದು ಗೇಜ್ ಜೋಡಿಸಿ 7 ಪಿಎಸ್‌ಐ ಗಾಳಿ ಒತ್ತಿ. ಸೋಪಿನ ನೀರು ಸವರಿ ಎಲ್ಲಿ ಗುಳ್ಳೆ ಏಳುತ್ತದೆ ನೋಡಿ. ಆಮೇಲೆ ಉಲ್ಟಾ, ಗಾಳಿ ಎಳೆದೂ ನೋಡಬೇಕು, ಯಾಕೆಂದರೆ ಕೆಲವು ಆಯಿಲ್ ಸೀಲುಗಳು ಒತ್ತಿದಾಗ ಹಿಡಿದುಕೊಂಡು ಎಳೆದಾಗ ಬಿಡುತ್ತವೆ. ಇದರಲ್ಲಿ ಮ್ಯಾಗ್ನೆಟ್ (ಕಿಡಿ ಹುಟ್ಟಿಸುವ ಚಕ್ರ) ಕಡೆಯ ಸೀಲು ಸೋರುತ್ತಿತ್ತು. ಸಣ್ಣ ರಬ್ಬರ್ ಸಾಮಾನು. ಅದರ ಮೂಲಕ ಕಳ್ಳಗಾಳಿ ಒಳಗೆ ಹೋಗುತ್ತಾ ಇತ್ತು, ಐಡ್ಲಿಂಗ್ ತಾನಾಗಿ ಏರುತ್ತಿತ್ತು. ಅದನ್ನೂ ಪವರ್ ಅಂತಲೇ ತಿಳಿದುಕೊಂಡಿದ್ದರು.

ಮ್ಯಾಗ್ನೆಟ್ಟನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸಣ್ಣ ಕೀ ಕೂಡ ಅರ ಹಾಕಿ ಉಜ್ಜಿದ್ದರು, ಕಿಡಿ ಬೇಗ ಬರಲಿ ಅಂತ. ಅದು ಅತಿಯಾದರೆ ಹಗ್ಗ ಎಳೆದಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹಿಡಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಹುಡುಗನ ಬಲಗೈ ಬೆರಳುಗಳ ಗಂಟೆಲ್ಲ ಸಿಪ್ಪೆ ಎದ್ದಿತ್ತು.

ಈಗ ಬ್ರೇಕಿನ ವಿಷಯ. ಉಳಿದದ್ದೆಲ್ಲ ದುಡ್ಡಿನ ನಷ್ಟ, ಇದು ಜೀವದ್ದು. ಇದನ್ನು ಕೆಲಸದವರು, ತೋಟದ ಕೆಲಸ ನೋಡಿಕೊಳ್ಳುವ ರೈಟರು, ತೋಟದ ಸಾಹುಕಾರರು ಎಲ್ಲರೂ ಓದಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗರಗಸದ ಬಾರಿನ ತುದಿ ದುಂಡಗಿರುತ್ತದೆ. ಆ ದುಂಡಿನ ಮೇಲಿನ ಅರ್ಧ ಭಾಗ ಓಡುತ್ತಿರುವಾಗ ಏನಕ್ಕಾದರೂ ತಾಗಿದರೆ, ಪಕ್ಕದ ಕೊಂಬೆಗೋ ದಿಮ್ಮಿಯ ಹಿಂದೆ ಅಡಗಿದ ಇನ್ನೊಂದು ದಿಮ್ಮಿಗೋ, ಚೈನು ಅಲ್ಲಿ ಕಚ್ಚಿ ನಿಲ್ಲುತ್ತದೆ, ಮಿಷನ್ ಪೂರ್ತಿ ಮೇಲಕ್ಕೆ ಹಿಂದಕ್ಕೆ ನಿಮ್ಮ ಮುಖದ ಕಡೆ ಚಿಮ್ಮುತ್ತದೆ. ನಮ್ಮವರು ಇದಕ್ಕೆ "ಮಿಷನ್ ಒದೆಯಿತು" ಅನ್ನುತ್ತಾರೆ. ಫುಲ್ ರೇಸಿನಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ಕಣ್ಣು ಮಿಟುಕಿಸುವ ಮುಂಚೆ ಆಗಿಹೋಗುತ್ತದೆ. ಎಷ್ಟೇ ಗಟ್ಟಿ ಆಳಾದರೂ ತಡೆದು ಹಿಡಿಯಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಎಡಗೈಯ ಎದುರಿಗಿರುವ ಗಾರ್ಡು ಮುಂಗೈಗೆ ಬಡಿಯುತ್ತದೆ, ಅಥವಾ ಆ ಎಳೆತಕ್ಕೆ ತಾನೇ ಮುಂದಕ್ಕೆ ಬೀಳುತ್ತದೆ, ಒಳಗೆ ಸ್ಪ್ರಿಂಗ್ ಬಿಟ್ಟು, ಚೈನನ್ನು ತಿರುಗಿಸುವ ಕ್ಲಚ್ ಡ್ರಮ್ಮಿನ ಸುತ್ತ ಇರುವ ಉಕ್ಕಿನ ಪಟ್ಟಿ ಬಿಗಿದುಕೊಳ್ಳುತ್ತದೆ. ಬಾರು ಮೈಗೆ ಬಂದು ತಾಗಿದರೂ ಚೈನು ನಿಂತಿರುತ್ತದೆ. ಏಟು ಬೀಳುತ್ತದೆ, ಕೊಯ್ಯುವುದಿಲ್ಲ. 1970ರ ದಶಕದಿಂದ ಈ ಬ್ರೇಕು ಗರಗಸಗಳಿಗೆ ಬರುತ್ತಿದೆ. ಅದರ ಹಿಂದೆ ಎಷ್ಟು ಜನರ ಕೈ, ಭುಜ, ಮುಖ ಹೋಗಿವೆ ಅಂತ ಯೋಚನೆ ಮಾಡಿ.

ಯಾಕೆ ಕಿತ್ತಿರಿ ಅಂತ ಕೇಳಿದರೆ ಬರುವ ಉತ್ತರ ಎಲ್ಲಾ ಕಡೆ ಒಂದೇ. "ಪದೇ ಪದೇ ಜಾಮ್ ಆಗುತ್ತೆ, ಕೆಲಸ ನಿಲ್ಲುತ್ತೆ." ಜಾಮ್ ಆಗುವುದು ಬ್ರೇಕಿನ ತಪ್ಪಲ್ಲ. ಕವರಿನೊಳಗೆ ಮರದ ಹೊಟ್ಟು ಮತ್ತು ಚೈನ್ ಆಯಿಲ್ ಸೇರಿ ಹಲ್ವಾದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಎರಡು ನಟ್ಟು ಬಿಚ್ಚಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದರೆ ಹತ್ತು ನಿಮಿಷದ ಕೆಲಸ. ಹತ್ತು ನಿಮಿಷ ಉಳಿಸಲು ಹೋಗಿ ಹನ್ನೊಂದು ಹೊಲಿಗೆ.

ಇದರ ಜೊತೆಗೇ ಚೈನಿನ ಹಲ್ಲಿನ ಮುಂದೆ ಒಂದು ಗೂಟ ಇರುತ್ತದಲ್ಲ, ಅದನ್ನೂ ಉಜ್ಜಿ ಇಳಿಸುತ್ತಾರೆ. ಒಂದೊಂದು ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ಆ ಗೂಟ ನಿರ್ಧಾರ ಮಾಡುತ್ತದೆ. ಈ ಮಿಷನ್ನಿನ ಚೈನಿಗೆ ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು, ಒಂದೂವರೆ ಮಿಲಿಮೀಟರ್ ತಗ್ಗಿಸಿದ್ದರು. ಜಾಸ್ತಿ ಕಚ್ಚಲಿ ಅಂತ. ಕಚ್ಚುತ್ತದೆ, ಕಚ್ಚಿ ಬಿಡುವುದಿಲ್ಲ, ಒದೆಯುತ್ತದೆ. ಬ್ರೇಕು ಕಿತ್ತು ಗೂಟ ಇಳಿಸುವುದು ಅಂದರೆ ಒದೆಯುವ ಎತ್ತಿಗೆ ಮೂಗುದಾರವನ್ನೂ ತೆಗೆದ ಹಾಗೆ.

ಈ ಚೈನಿನ ಹಲ್ಲಿನ ಕಥೆ ನಮ್ಮ ಕಾಫಿ ಬೆಳೆಗಾರರಿಗೆ ಇಷ್ಟವಾಗಬಹುದು. ಅಮೆರಿಕದ ಒರೆಗಾನ್ ಕಡೆ ಜೋಸೆಫ್ ಬ್ಯೂಫೋರ್ಡ್ ಕಾಕ್ಸ್ ಅಂತ ಮರ ಕಡಿಯುವ ಒಬ್ಬರಿದ್ದರು. 1946ರಲ್ಲಿ ಸೌದೆ ಸೀಳುವಾಗ ಒಂದು ಕೊರಡಿನಲ್ಲಿ ದುಂಬಿಯ ಹುಳ ಮರ ಕೊರೆಯುವುದನ್ನು ನೋಡುತ್ತಾ ನಿಂತರಂತೆ. ನಮ್ಮ ಅರೇಬಿಕಾ ಗಿಡ ತಿನ್ನುವ ಬಿಳಿ ಕಾಂಡ ಕೊರಕ ಇದೆಯಲ್ಲ, ಅಂಥದ್ದೇ ಒಂದು ಜಾತಿ. ಆ ಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚೂರು ಚೂರು ಕಚ್ಚುತ್ತಾ ಮುಂದೆ ಹೋಗುತ್ತಿತ್ತು, ಎಳೆಗೆ ಅಡ್ಡವಾಗಿಯೂ ಉದ್ದಕ್ಕೂ ಅಷ್ಟೇ ಸಲೀಸಾಗಿ. ಅದರ ದವಡೆ ನೋಡಿ ಅವರು ಮಾಡಿದ ಚೈನು 1947ರಲ್ಲಿ ಮಾರಾಟಕ್ಕೆ ಬಂತು. ಇವತ್ತು ನಾವು ಹಾಕುವ ಚೈನಿನ ಎಡ ಹಲ್ಲು ಬಲ ಹಲ್ಲು ಅಲ್ಲಿಂದ ಬಂದದ್ದು. ಹುಳ ದೊಡ್ಡ ತುತ್ತು ತಿನ್ನುವುದಿಲ್ಲ. ಸಣ್ಣ ತುತ್ತು, ಬಿಡದೆ. ಚೈನೂ ಹಾಗೇ ತಿನ್ನಬೇಕು.

ಬಾರ್ ಉದ್ದ ಮಾಡಿಸುವುದೂ ಒಂದು ಚಟ ಆಗಿದೆ. ದೊಡ್ಡ ಬಾರ್ ಹಾಕಿದರೆ ದೊಡ್ಡ ಮರ ಕೊಯ್ಯಬಹುದು ಅಂತ. 50 ಸಿಸಿ ಎಂಜಿನ್ನಿಗೆ 24 ಇಂಚು ಎಳೆಯಲು ಕಸುವಿರುವುದಿಲ್ಲ, ಆಯಿಲ್ ಪಂಪು ತುದಿವರೆಗೆ ಎಣ್ಣೆ ಮುಟ್ಟಿಸುವುದಿಲ್ಲ, ಬಾರ್ ನೀಲಿ ತಿರುಗುತ್ತದೆ. ಅದರ ಮೇಲೆ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಹಾಕುತ್ತಾರೆ. ಕರಿ ಆಯಿಲ್ಲಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಪಂಪು ಸವೆಯುತ್ತದೆ, ಉಳಿದದ್ದು ಗಿಡದ ಬುಡಕ್ಕೆ ಬೀಳುತ್ತದೆ.

ಪೆಟ್ರೋಲಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2023ರಲ್ಲಿ ಕೆಲವು ಬಂಕುಗಳಲ್ಲಿ ಶುರುವಾದ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್ 2025ರ ಹೊತ್ತಿಗೆ ಎಲ್ಲಾ ಕಡೆ ಬಂದಿದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೇ? ಮೂರು ತಿಂಗಳು ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ಕಾರ್ಬೊರೇಟರಿನ ತೆಳು ರಬ್ಬರ್ ಪರದೆ ಬಿರುಸಾಗಿ, ಪೆಟ್ರೋಲ್ ಸರಿಯಾಗಿ ಎಳೆಯುವುದಿಲ್ಲ. ಮಿಷನ್ ಸೊರಗಿದೆ ಅಂತ ತೂತು ಹೊಡೆಸಲು ಓಡುತ್ತಾರೆ, ಬೇಕಾಗಿದ್ದದ್ದು ಒಂದು ಪರದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಅದು ನಿಲ್ಲುವವರೆಗೆ ಓಡಿಸಿ ಇಡಿ. ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬೇಡಿ. ಅಷ್ಟು ಸಾಕು.

ಎಲ್ಲಾ ಮಾಡಿಫಿಕೇಷನ್ನೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಿಳಿದು ಮಾಡುವವರು ಇದ್ದಾರೆ. ಸೈಲೆನ್ಸರ್ ಬಾಯಿಯನ್ನು ಅಳತೆ ಮಾಡಿ ಸ್ವಲ್ಪವೇ ಬಿಡಿಸಿ, ಜಾಲರಿ ವಾಪಸ್ ಕೂರಿಸಿ, ಪೆಟ್ರೋಲ್ ಅದಕ್ಕೆ ತಕ್ಕ ಹಾಗೆ ಬಿಟ್ಟು, ಮೀಟರಿನಲ್ಲಿ ನೋಡಿದ ಮಿಷನ್ ವರ್ಷಗಟ್ಟಲೆ ಬಾಳಿದ್ದನ್ನು ನಾನೇ ನೋಡಿದ್ದೇನೆ. ಅವರು ಯಾರೂ ಬ್ರೇಕು ಮುಟ್ಟಿರಲಿಲ್ಲ.

ಒಂದು ದಿನ ಅಂಗಡಿ ಮುಂದೆ ನಾಲ್ಕೈದು ಜನ ಇದ್ದಾಗ ಪರೀಕ್ಷೆ ಮಾಡಿ ತೋರಿಸಿದೆ. ಒಂದೇ ಸಿಲ್ವರ್ ಓಕ್ ದಿಮ್ಮಿ. ಒಂದು ಕಡೆ ಪವರ್ ಮಾಡಿಸಿದ ಮಿಷನ್ನು, ಚೈನು ಮೊಂಡಾಗಿತ್ತು. ಇನ್ನೊಂದು ಕಡೆ ಅದೇ ಸೈಜಿನ ಮಾಮೂಲಿ ಮಿಷನ್ನು, ಚೈನನ್ನು ನಾನು 4.8 ಮಿಲಿಮೀಟರ್ ರೌಂಡ್ ಫೈಲಿನಲ್ಲಿ ಒಂದೊಂದು ಹಲ್ಲಿಗೆ ಮೂರು ಮೂರು ಸಲ ಎಳೆದು ಮಸೆದಿದ್ದೆ. ಅಷ್ಟೇ ವ್ಯತ್ಯಾಸ. ಮಾಮೂಲಿ ಮಿಷನ್ ಮುಗಿಸಿ ಪಕ್ಕಕ್ಕಿಟ್ಟಾಗ ಇನ್ನೊಂದು ಇನ್ನೂ ಅರ್ಧದಲ್ಲಿ ಹೊಗೆ ಹಾಕುತ್ತಿತ್ತು. ನೆಲದ ಮೇಲೆ ನೋಡಿ ಅಂದೆ. ಮಸೆದ ಚೈನಿನ ಕೆಳಗೆ ಅವಲಕ್ಕಿಯಂಥ ಚಕ್ಕೆ ಬಿದ್ದಿತ್ತು, ಮೊಂಡು ಚೈನಿನ ಕೆಳಗೆ ರಾಗಿ ಹಿಟ್ಟಿನಂಥ ಪುಡಿ. ಪುಡಿ ಬಿದ್ದರೆ ಮಸೆಯುವ ಹೊತ್ತಾಯಿತು ಅಂತ ಅರ್ಥ. ಒಂದು ಫೈಲಿನ ಬೆಲೆ ಎಷ್ಟು ಅಂತ ನಿಮಗೇ ಗೊತ್ತು, ಸೈಲೆನ್ಸರ್ ತೂತು, ಬೋರು ಪಿಸ್ಟನ್ನು, ಆಸ್ಪತ್ರೆ ಎಲ್ಲಾ ಸೇರಿದರೆ ಎಷ್ಟು ಅಂತಲೂ ಗೊತ್ತು.

ಆದರೂ ಒಪ್ಪಿಸುವುದು ಕಷ್ಟ. ಹುಡುಗನ ಮಿಷನ್ ಸರಿ ಮಾಡಿದ ಮೇಲೆ ಕಂಟ್ರಾಕ್ಟಿನವರೂ ಜೊತೆಗೆ ಬಂದಿದ್ದರು. ಹೊಸ ಬೋರು, ಸೀಲು, ಸೈಲೆನ್ಸರು, 18 ಇಂಚಿನ ಬಾರು, ಬುಷ್ಷು, ಬ್ರೇಕಿನ ಪಟ್ಟಿ, ಗಾರ್ಡು. ಬ್ರೇಕಿನ ಸಾಮಾನು ತರಿಸಲು ಹದಿನೈದು ದಿನ ಕಾಯಬೇಕಾಯಿತು. ಸ್ಟಾರ್ಟ್ ಮಾಡಿದ ತಕ್ಷಣ ಅವರು ಅಂದದ್ದು, "ಶಬ್ದ ಕಮ್ಮಿ ಆಯ್ತಲ್ಲಾ." ನಾನು ಹುಡುಗನ ಕೈಗೆ ಕೊಟ್ಟೆ. ರೇಸ್ ಕೊಡು, ಮುಂಗೈಯಿಂದ ಗಾರ್ಡನ್ನು ಮುಂದಕ್ಕೆ ತಳ್ಳು ಅಂದೆ. ಚೈನು ಟಕ್ ಅಂತ ನಿಂತಿತು. ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಮತ್ತೆ ಮಾಡಿದ. ಐದಾರು ಸಲ ಮಾಡಿದ. ನಾಲ್ಕು ವರ್ಷದಿಂದ ಗರಗಸ ಹಿಡಿಯುತ್ತಿರುವವನು, ಬ್ರೇಕು ಹೀಗೆ ಕೆಲಸ ಮಾಡುತ್ತದೆ ಅಂತ ಅವತ್ತೇ ನೋಡಿದ್ದಂತೆ. ಯಾರೂ ತೋರಿಸಿರಲಿಲ್ಲ.

ನನಗೆ ಜಾಸ್ತಿ ನೋವಾಗಿದ್ದು ಈ ಮಾತಿಗೆ. ನಮ್ಮಲ್ಲಿ ಗರಗಸವನ್ನು ಅಂಗಡಿಯವರು ಡಬ್ಬಿ ಕಟ್ಟಿ ಕೊಡುತ್ತಾರೆ, ಸಹಾಯಧನದಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲಿ ಮನೆಗೇ ಬರುತ್ತದೆ. ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಬ್ರೇಕು ಏನು ಅಂತ ಹೇಳಿಕೊಡುವವರು ಯಾರೂ ಇಲ್ಲ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಓದುವವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು. ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆಯವರಲ್ಲಿ ನನ್ನ ವಿನಂತಿ ಏನೆಂದರೆ, ಮಿಷನ್ ಕೊಡುವ ದಿನವೇ ಅರ್ಧ ದಿನದ ತರಬೇತಿ ಕಡ್ಡಾಯ ಮಾಡಿ. ಅದೂ ಪಹಣಿ ಇರುವವರಿಗೆ ಅಲ್ಲ, ಮಿಷನ್ ಹಿಡಿಯುವವರಿಗೆ. ಕೆಲಸದವರು ಇರುವ ಲೈನ್ ಮನೆಯಿಂದ ಅವರನ್ನು ಕರೆದುಕೊಂಡು ಬನ್ನಿ, ಅವತ್ತಿನ ಸಂಬಳ ಕೊಡಿ. ಕನ್ನಡದಲ್ಲಿ, ಚಿತ್ರ ಹಾಕಿ, ಒಂದು ಹಾಳೆ ಮಾಡಿ ಕೊಡಿ. ಐಟಿಐಗಳಲ್ಲಿ ಸಣ್ಣ ಎಂಜಿನ್ ರಿಪೇರಿಗೆ ಒಂದು ತಿಂಗಳ ಕೋರ್ಸ್ ಇಟ್ಟರೆ ಮಲೆನಾಡಿನಲ್ಲಿ ಎಷ್ಟು ಹುಡುಗರಿಗೆ ಕೆಲಸ ಆಗುತ್ತದೆ, ನೀವೇ ಹೇಳಿ. ನಾನಂತೂ ಪುಕ್ಕಟೆ ಬಂದು ಹೇಳಿಕೊಡಲು ತಯಾರಿದ್ದೇನೆ.

ತೋಟದ ಸಾಹುಕಾರರಿಗೂ ಒಂದು ಮಾತು, ತಪ್ಪು ತಿಳಿಯಬೇಡಿ. ಮರಗಸಿಗೆ, ನಾಟಾ ಕೊಯ್ಯಲು ಕಂಟ್ರಾಕ್ಟ್ ಕೊಡುವಾಗ ರೇಟು ಒಂದೇ ಕೇಳುತ್ತೀರಿ. ಕೆಲಸ ಶುರುವಾಗುವ ಬೆಳಿಗ್ಗೆ ಗೇಟಿನಲ್ಲಿ ಮಿಷನ್ ನೋಡಿ. ಕೈ ಎದುರಿಗೆ ಗಾರ್ಡ್ ಇಲ್ಲದಿದ್ದರೆ ವಾಪಸ್ ಕಳಿಸಿ. ಬೇರೇನೂ ಗೊತ್ತಿರಬೇಕಾಗಿಲ್ಲ, ಇದು ಕಣ್ಣಿಗೇ ಕಾಣುತ್ತದೆ. ಎರಡು ಕೈಯಲ್ಲಿ ಹಿಡಿಯಬೇಕಾದ ದೊಡ್ಡ ಮಿಷನ್ನನ್ನು ಮರದ ಮೇಲೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದುಕೊಂಡು ಕೊಯ್ಯುವುದನ್ನು ಕಂಡರೆ ಕೆಳಗೆ ಇಳಿಸಿ.

ಕೆಲಸದ ಅಣ್ಣತಮ್ಮಂದಿರಿಗೆ ಹೇಳುವುದು, ಬ್ರೇಕಿಲ್ಲದ ಮಿಷನ್ ಕೊಟ್ಟರೆ ಹಿಡಿಯುವುದಿಲ್ಲ ಅನ್ನಿ. ಹೇಳುವುದು ಸುಲಭ, ಕೂಲಿ ಹೋಗುತ್ತದೆ, ಅದು ನನಗೂ ಗೊತ್ತು. ನಾಲ್ಕು ಜನ ಸೇರಿ ಒಟ್ಟಿಗೆ ಹೇಳಿ. ಮೂಡಿಗೆರೆ ಸುತ್ತಮುತ್ತಲಿನವರು ಯಾರೇ ಆಗಲಿ ಮಿಷನ್ ತಂದರೆ ಬ್ರೇಕ್ ನೋಡಿ ಕ್ಲೀನ್ ಮಾಡಿಕೊಡಲು ನಾನು ದುಡ್ಡು ತಗೊಳ್ಳುವುದಿಲ್ಲ, ಸಾಮಾನು ಹಾಕಿದರೆ ಸಾಮಾನಿನ ದುಡ್ಡು ಮಾತ್ರ. ಬ್ರೇಕ್ ಕಿತ್ತುಕೊಡಿ ಅಂತ ಬಂದವರನ್ನು ವಾಪಸ್ ಕಳಿಸುತ್ತಿದ್ದೇನೆ, ಬೇರೆ ಊರಿನ ರಿಪೇರಿಯವರೂ ಹಾಗೇ ಮಾಡಬೇಕು ಅಂತ ಕೇಳಿಕೊಳ್ಳುತ್ತೇನೆ. ಮುಂಗಾರು ಹಿಡಿಯುವ ಮುಂಚೆ ಬನ್ನಿ, ಆಮೇಲೆ ಕಳೆ ಮಿಷನ್ನುಗಳ ರಾಶಿ ಬಿದ್ದು ಕೈ ಬಿಡುವಾಗುವುದಿಲ್ಲ.

ಇಂತಿ,
ಸಣ್ಣ ಎಂಜಿನ್ ರಿಪೇರಿಯವ, ಮೂಡಿಗೆರೆ ತಾಲ್ಲೂಕು